ಲೆಕ್ಕದ ಮೇಷ್ಟ್ರನ್ನು ಕೇಳಿ: ಓಹಾಯೋನಾ, ಮಿಶಿಗನ್ನಾ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗ ಅಮೆರಿಕದ ಕೊಲಂಬಸ್‌ನಲ್ಲಿ, ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂಎಸ್ ಓದುತ್ತಿದ್ದಾನೆ. ಚಿತ್ರದುರ್ಗದಲ್ಲಿರುವ ನಮ್ಮಕ್ಕನ ಮಗ ಮಿಶಿಗನ್ ಯೂನಿವರ್ಸಿಟಿಯಲ್ಲಿದ್ದಾನೆ, ಊರು ಆ್ಯನ್ ಆರ್ಬರ್. ಎರಡೂ ಕಾಲೇಜಿಗೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ) ಹಾವು ಮುಂಗುಸಿ ಸಂಬಂಧವಂತೆ. ಪ್ರತಿ ವರ್ಷ ನವೆಂಬರ್ ಕೊನೆಗೆ ಒಂದು ಆಟ. 2026ರದ್ದು ಕೊಲಂಬಸ್‌ನಲ್ಲೇ. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಈಗಲೇ ಜಗಳ ಶುರುವಾಗಿದೆ. ಯಾರು ಗೆಲ್ಲುತ್ತಾರೆ, ಸ್ಕೋರ್ ಎಷ್ಟು ಅಂತ ಎಲ್ಲರೂ ಬರೆಯಬೇಕು. ಸೋತ ಕಡೆಯವರು ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಬೇಕು. ಅಕ್ಕನ ಮುಂದೆ ನಾನು ಸೋಲಬಾರದು. ಯಾರು ಗೆಲ್ಲುತ್ತಾರೆ ಹೇಳಿಬಿಡಿ.
– ಓಹಾಯೋ ಹುಡುಗನ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಹೇಳಿಬಿಡುತ್ತೇನೆ ತಾಯಿ. ಓಹಾಯೋ ಸ್ಟೇಟ್, ಗೆಲ್ಲುವ ಸಾಧ್ಯತೆ ನೂರಕ್ಕೆ 65.

ಬರೀ "ಓಹಾಯೋ" ಅಂತ ಹೇಳಿ ನಿಲ್ಲಿಸಿದ್ದರೆ ನಿಮಗೆ ಇನ್ನೂ ಖುಷಿಯಾಗುತ್ತಿತ್ತು, ಗೊತ್ತು. ಆದರೆ ಅಂಕಿ ಇಲ್ಲದ ಭವಿಷ್ಯ ನನಗೆ ಬೇಡ. "ಅವರೇ ಗೆಲ್ತಾರೆ ನೋಡಿ" ಅನ್ನುವವರು ಗೆದ್ದರೆ ಮೀಸೆ ತಿರುವುತ್ತಾರೆ, ಸೋತರೆ ಮಾತು ಬದಲಿಸುತ್ತಾರೆ. ಅಂಕಿ ಬರೆದಿಟ್ಟವರಿಗೆ ಆ ಅನುಕೂಲ ಇಲ್ಲ.

65 ಯಾಕೆ? ಒಂದು, ಆಟ ಅವರ ಅಂಗಳದಲ್ಲಿದೆ. ಎರಡು, ಓಹಾಯೋ ಸ್ಟೇಟ್ ವರ್ಷವರ್ಷವೂ ಬಲವಾದ ತಂಡ ಕಟ್ಟುತ್ತದೆ. 2024ರ ಸೀಸನ್‌ನಲ್ಲಿ ಇಡೀ ದೇಶದ ಚಾಂಪಿಯನ್ ಆಯಿತು. 2025ರ ನವೆಂಬರ್‌ನಲ್ಲಿ ಆ್ಯನ್ ಆರ್ಬರ್‌ಗೇ ಹೋಗಿ 27–9ರಲ್ಲಿ ಮಿಶಿಗನ್‌ಅನ್ನು ಸೋಲಿಸಿ ಬಂತು. 85 ಯಾಕಲ್ಲ? ಸೀಸನ್ ಇನ್ನೂ ಶುರುವಾಗಿಲ್ಲ. ಕಾಲೇಜು ತಂಡದಲ್ಲಿ ಹುಡುಗರು ಓದು ಮುಗಿಸಿ ಹೊರಟುಹೋಗುತ್ತಾರೆ, ಈಗಂತೂ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸಲೀಸಾಗಿ ಹಾರುತ್ತಾರೆ. ಇಡೀ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಅನ್ನುವ ಒಬ್ಬ ಹುಡುಗನ ಮೊಣಕಾಲು ಅಕ್ಟೋಬರ್‌ನಲ್ಲಿ ಉಳುಕಿದರೆ ನನ್ನ 65 ಎಲ್ಲಿ ಹೋಗುತ್ತದೋ. ಅದಕ್ಕೇ ಆಟದ ವಾರ ಗುರುವಾರ ಇನ್ನೊಮ್ಮೆ ಅಂಕಿ ಹಾಕಿ. ಗ್ರೂಪಿನ ನಿಯಮದಲ್ಲಿ ಅದಕ್ಕೆ ಅವಕಾಶ ಇಟ್ಟುಕೊಳ್ಳಿ.

ಅಂಗಳದ ಮಾತು ಸ್ವಲ್ಪ ಹೇಳಬೇಕು. ಕೊಲಂಬಸ್‌ನ ಸ್ಟೇಡಿಯಂ ಕುದುರೆ ಲಾಳದ ಆಕಾರದ್ದು, 1 ಲಕ್ಷ 2 ಸಾವಿರಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಮಿಶಿಗನ್‌ನದು ಇನ್ನೂ ದೊಡ್ಡದು, 1,07,601 ಸೀಟು. 2011ರ ಜನಗಣತಿಯ ದಾವಣಗೆರೆ ನಗರದಲ್ಲಿ ನಾಲ್ವರಿಗೆ ಒಬ್ಬರಂತೆ ಕರೆದುಕೊಂಡು ಹೋಗಿ ಕೂರಿಸಬಹುದು. ಅಷ್ಟು ಜನ ಒಟ್ಟಿಗೆ ಕೂಗಿದರೆ ಹೊರಗಿನ ತಂಡದ ಕ್ವಾರ್ಟರ್‌ಬ್ಯಾಕ್ ಹೇಳಿದ್ದು ಪಕ್ಕದವನಿಗೇ ಕೇಳಿಸುವುದಿಲ್ಲ. ಅಂದಾಜು ಹಾಕುವವರು ಇದಕ್ಕೆಲ್ಲ ಸೇರಿ ಎರಡೂವರೆಯಿಂದ ಮೂರು ಪಾಯಿಂಟ್ ಕೊಡುತ್ತಾರೆ. ಅಷ್ಟೇ! ಜನ ಅಂದುಕೊಳ್ಳುವಷ್ಟು ದೊಡ್ಡದಲ್ಲ ಅದು. ಈ ಎರಡು ತಂಡಗಳ ಕಳೆದ ಐದು ಆಟಗಳಲ್ಲಿ ಮೂರು ಸಲ ಗೆದ್ದಿದ್ದು ಹೊರಗಿನಿಂದ ಬಂದವರೇ.

ಇನ್ನು ಸ್ಕೋರ್. ಇಲ್ಲಿ ನಿಮಗೊಂದು ಗುಟ್ಟು, ಅಕ್ಕನಿಗೆ ಹೇಳಬೇಡಿ. ಈ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಪಾಯಿಂಟ್. ಆಮೇಲೆ ಒದ್ದು ಕಂಬಗಳ ನಡುವೆ ಹಾಕಿದರೆ ಇನ್ನೊಂದು. ಅಲ್ಲಿಗೆ 7. ಗೆರೆ ದಾಟಲು ಆಗದೆ ದೂರದಿಂದಲೇ ಒದ್ದು ಹಾಕಿದರೆ ಫೀಲ್ಡ್ ಗೋಲ್, 3. ಹಾಗಾಗಿ ಸ್ಕೋರುಗಳು ಹೆಚ್ಚಾಗಿ ಮೂರು ಏಳರ ಕೂಡುಲೆಕ್ಕದಲ್ಲೇ ಬರುತ್ತವೆ, ಗೆಲುವಿನ ಅಂತರವೂ 3 ಅಥವಾ 7 ಆಗುವುದು ಜಾಸ್ತಿ. 2006ರಲ್ಲಿ ದೇಶದ ನಂಬರ್ 1, ನಂಬರ್ 2 ಆಗಿ ಇವೇ ಎರಡು ತಂಡ ಎದುರಾದಾಗ ಓಹಾಯೋ ಗೆದ್ದಿದ್ದು 42–39. 2016ರಲ್ಲಿ ಆಟ ಸಮವಾಗಿ, ಹೆಚ್ಚುವರಿ ಸರದಿಯೂ ಒಂದು ಸಲ ಸಮವಾಗಿ, ಕೊನೆಗೆ 30–27. ನಿಮ್ಮ ಗ್ರೂಪಿನಲ್ಲಿ ಯಾರೋ 25–18 ಅಂತ ಬರೆಯುತ್ತಾರೆ. ನೀವು 27–20 ಬರೆಯಿರಿ.

ಅಂದಹಾಗೆ, ಮಿಶಿಗನ್‌ಅನ್ನು ಸೋಲಿಸಿದ ಓಹಾಯೋ ಆಟಗಾರರಿಗೆ ಕೊಡುವ ಬಹುಮಾನ ಏನು ಗೊತ್ತಾ? ಪುಟಾಣಿ ಚಿನ್ನದ ಚಡ್ಡಿ, ಸರಕ್ಕೆ ಪೋಣಿಸುವ ಪದಕದಷ್ಟು. 1934ರಿಂದ ನಡೆದುಬಂದಿದೆ. ಬೆಣ್ಣೆ ದೋಸೆಯೇ ವಾಸಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಮೇಷ್ಟ್ರೇ, ದಾವಣಗೆರೆಯ ನನ್ನ ತಂಗಿ ನಿಮಗೆ ಪತ್ರ ಬರೆದಿದ್ದಾಳೆ ಅಂತ ಗೊತ್ತಾಯಿತು. ಅವಳಿಗೆ ಸುಳ್ಳು ಭರವಸೆ ಕೊಡಬೇಡಿ. 1897ರಿಂದ ಲೆಕ್ಕ ಹಾಕಿದರೆ ಜಾಸ್ತಿ ಗೆದ್ದಿರುವುದು ಮಿಶಿಗನ್. 2021ರಿಂದ 2024ರವರೆಗೆ ನಾಲ್ಕು ಸಲ ಸತತ ಗೆದ್ದಿದ್ದೂ ನಾವೇ. ನನ್ನ ಮಗ ಎಲ್ಲ ಲೆಕ್ಕ ಕಳಿಸಿದ್ದಾನೆ.
– ಮಿಶಿಗನ್ ಹುಡುಗನ ತಾಯಿ, ಜೆಸಿಆರ್ ಬಡಾವಣೆ, ಚಿತ್ರದುರ್ಗ

ಉತ್ತರ: ನಿಮ್ಮ ಮಗ ಕಳಿಸಿದ ಲೆಕ್ಕ ಸರಿ ಇದೆ ಅಕ್ಕಾವ್ರೇ. ಅದರಿಂದ ನೀವು ಎಳೆಯುತ್ತಿರುವ ತೀರ್ಮಾನ ಸರಿ ಇಲ್ಲ.

1897ರ ಮೊದಲ ಆಟದಲ್ಲಿ ಮಿಶಿಗನ್ 34–0ರಲ್ಲಿ ಗೆದ್ದಿತು. ಓಹಾಯೋ ಸ್ಟೇಟ್ ಮೊದಲ ಸಲ ಗೆದ್ದಿದ್ದು 1919ರಲ್ಲಿ. ಅಂದರೆ 22 ವರ್ಷ ಅವರ ಖಾತೆಯಲ್ಲಿ ಒಂದೂ ಗೆಲುವಿಲ್ಲ. ನಿಮ್ಮ ಒಟ್ಟು ಲೆಕ್ಕದಲ್ಲಿ ಮಿಶಿಗನ್ ಮುಂದಿರುವುದಕ್ಕೆ ಆ ಕಾಲದ ಗಂಟು ದೊಡ್ಡ ಕಾರಣ. ಆಗ ಆಡಿದವರ ಮೊಮ್ಮಕ್ಕಳೂ ಈಗ ಮುದುಕರು. ಅವರ ಗೆಲುವು ಈ ನವೆಂಬರ್‌ನಲ್ಲಿ ಒಂದು ಗಜ ಚೆಂಡನ್ನೂ ಮುಂದೆ ತಳ್ಳುವುದಿಲ್ಲ.

ನಾಲ್ಕು ಸತತ ಗೆಲುವಿಗೆ ಬೆಲೆ ಇದೆ, ಆದರೆ ನೀವು ಕೊಡುವಷ್ಟಿಲ್ಲ. ಆ ತಂಡ ಕಟ್ಟಿದ ಕೋಚ್ ಜಿಮ್ ಹಾರ್ಬಾ 2024ರ ಆರಂಭದಲ್ಲೇ ವೃತ್ತಿಪರ ಲೀಗಿಗೆ ಹೊರಟುಹೋದರು. ಅದಕ್ಕೂ ಮುಂಚೆ 2012ರಿಂದ 2019ರವರೆಗೆ ಎಂಟು ಸಲ ಸತತ ಗೆದ್ದಿದ್ದು ಓಹಾಯೋ. 2020ರಲ್ಲಿ ಕೋವಿಡ್‌ನಿಂದ ಆಟವೇ ನಡೆಯಲಿಲ್ಲ. ಎಂಟು ಗೆದ್ದವರು ಒಂಬತ್ತನೆಯದನ್ನು ಗೆಲ್ಲುತ್ತಾರೆ ಅಂತ 2021ರಲ್ಲಿ ನಿಮ್ಮ ತಂಗಿ ಹೇಳಿದ್ದರೆ ನೀವು ನಗುತ್ತಿದ್ದಿರಿ ಅಲ್ವಾ?

ಮಗನಿಗೆ ಹೇಳಿ, ಈ ಸೀಸನ್ ಶುರುವಾದ ಮೇಲೆ ಅದರ ಲೆಕ್ಕ ಕಳಿಸಲಿ. ಯಾರ ಮೇಲೆ ಆಡಿದರು, ಎಷ್ಟು ಅಂತರದಲ್ಲಿ ಗೆದ್ದರು, ಚೆಂಡನ್ನು ಎಷ್ಟು ಸಲ ಎದುರಾಳಿಗೆ ಬಿಟ್ಟುಕೊಟ್ಟರು. ಆ ಮೂರು ಸಾಕು.

ಜಗಳ ಹಳೆಯದು ಅನ್ನುವುದು ಮಾತ್ರ ನಿಜ. 1835ರಲ್ಲಿ ಟೊಲೀಡೊ ಅನ್ನುವ ಊರಿನ ಪಟ್ಟಿಗಾಗಿ ಓಹಾಯೋ, ಮಿಶಿಗನ್ ಎರಡೂ ಕಡೆ ಸೈನ್ಯ ಕಟ್ಟಿಕೊಂಡು ನಿಂತಿದ್ದವು. ಕೊನೆಗೆ ಟೊಲೀಡೊ ಓಹಾಯೋಗೆ ಹೋಯಿತು, ಮಿಶಿಗನ್‌ಗೆ ಉತ್ತರದ ದೊಡ್ಡ ಕಾಡುಪ್ರದೇಶ ಸಿಕ್ಕಿತು. ಗಡಿ ಜಗಳ ಎಷ್ಟು ಕಾಲ ಉಳಿಯುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಓಹಾಯೋದ ಹಳೆಯ ಕೋಚ್ ವುಡಿ ಹೇಯ್ಸ್ ಮಿಶಿಗನ್ ಅನ್ನುವ ಹೆಸರನ್ನೇ ಬಾಯಲ್ಲಿ ಹೇಳುತ್ತಿರಲಿಲ್ಲ, "ಆ ಮೇಲಿನ ರಾಜ್ಯದವರು" ಅನ್ನುವ ಧಾಟಿಯಲ್ಲೇ ಮಾತು. ಈಗಲೂ ಆಟದ ವಾರ ಓಹಾಯೋ ಸ್ಟೇಟ್ ಕಾಲೇಜಿನ ಫಲಕಗಳಲ್ಲಿ ಮಿಶಿಗನ್‌ನ ಮೊದಲ ಇಂಗ್ಲಿಷ್ ಅಕ್ಷರ M ಎಲ್ಲಿ ಕಂಡರೂ ಕೆಂಪು ಟೇಪಿನಲ್ಲಿ ಕಾಟು ಹೊಡೆಯುತ್ತಾರೆ. ನೀವು ಅಕ್ಕತಂಗಿ ಅಷ್ಟು ದೂರ ಹೋಗಬೇಡಿ.

ಪ್ರಶ್ನೆ: ಸರ್, ನಾನು ಬಿಎಸ್ಸಿ ಓದುತ್ತಿದ್ದೇನೆ. ಬದ್ಧವೈರಿಗಳ ಆಟದಲ್ಲಿ ಫಾರ್ಮ್ ಲೆಕ್ಕಕ್ಕೇ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. 2024ರಲ್ಲಿ ಓಹಾಯೋ ಸ್ಟೇಟ್ 20 ಪಾಯಿಂಟ್ ಅಂತರದಲ್ಲಿ ಗೆಲ್ಲುತ್ತದೆ ಅಂತ ಅಂದಾಜಿತ್ತು, ಸೋತರು. ಹಾಗಿದ್ದ ಮೇಲೆ ಅಂದಾಜು ಹಾಕುವುದೇ ದಂಡ ಅಲ್ಲವೇ?
– ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಇಷ್ಟವಾಗಿದ್ದು ಇದೇ.

ಮೊದಲು ನಡೆದಿದ್ದೇನು ನೋಡೋಣ. 2024ರ ನವೆಂಬರ್ 30, ಕೊಲಂಬಸ್, ಕೊರೆಯುವ ಚಳಿ. ಓಹಾಯೋ ದೇಶದ ನಂಬರ್ 2 ತಂಡ, 10 ಗೆಲುವು, 1 ಸೋಲು. ಮಿಶಿಗನ್ 6 ಗೆಲುವು, 5 ಸೋಲು. ಅರ್ಧ ಆಟಕ್ಕೆ 10–10. ಓಹಾಯೋದವರು ಎರಡು ಫೀಲ್ಡ್ ಗೋಲ್ ತಪ್ಪಿಸಿದರು. 45 ಸೆಕೆಂಡ್ ಉಳಿದಿದ್ದಾಗ ಮಿಶಿಗನ್ ಒಂದು ಫೀಲ್ಡ್ ಗೋಲ್ ಹೊಡೆದು 13–10ರಲ್ಲಿ ಗೆದ್ದಿತು.

ಅಂದಾಜು ತಪ್ಪಾಯಿತೇ? 20 ಪಾಯಿಂಟ್ ಮೇಲುಗೈ ಅಂದರೆ ಗೆಲ್ಲುವ ಸಾಧ್ಯತೆ ನೂರಕ್ಕೆ 90ರ ಹತ್ತಿರ. 14 ಪಾಯಿಂಟ್ ಆದರೆ 80ರ ಆಸುಪಾಸು. 7 ಆದರೆ 70ಕ್ಕೆ ಸ್ವಲ್ಪ ಕಡಿಮೆ. 3 ಆದರೆ 57–58, ಹೆಚ್ಚೂಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಕಾಲೇಜು ಫುಟ್‌ಬಾಲ್‌ನಲ್ಲಿ ಅಂದಾಜಿಗೂ ನಿಜಕ್ಕೂ ಎರಡು ಟಚ್‌ಡೌನ್‌ನಷ್ಟು ವ್ಯತ್ಯಾಸ ಬರುವುದು ದಿನನಿತ್ಯದ ಮಾತು, ಅದಕ್ಕೇ ಅಂಕಿಗಳು ಹೀಗೆ. 90 ಅಂದವನು ಹತ್ತರಲ್ಲಿ ಒಂದು ಸಲ ಸೋಲುತ್ತೇನೆ ಅಂತಲೇ ಹೇಳಿದ್ದಾನೆ. ಅವನು ಹೇಳಿದ ನೂರಕ್ಕೆ ನೂರೂ ಗೆದ್ದುಬಿಟ್ಟರೆ ನನಗೆ ಅನುಮಾನ ಬರುತ್ತದೆ, ಅವನು 97 ಅನ್ನಬೇಕಾದ ಕಡೆ 90 ಅಂದಿದ್ದಾನೇನೋ ಅಂತ.

ಇನ್ನೊಂದು ಗಮನಿಸು. ಅದೇ ಓಹಾಯೋ ತಂಡ ಆ ಸೋಲಿನ ನಂತರ ಆ ಸೀಸನ್ನಿನಲ್ಲಿ ಒಂದೂ ಆಟ ಸೋಲಲಿಲ್ಲ. 2025ರ ಜನವರಿ 20ರಂದು ನೋಟರ್ ಡೇಮ್ ತಂಡವನ್ನು 34–23ರಲ್ಲಿ ಸೋಲಿಸಿ ಚಾಂಪಿಯನ್ ಆಯಿತು. ತಂಡ ಬಲವಾಗಿದೆ ಅನ್ನುವ ಅಂದಾಜು ಸರಿಯಾಗಿಯೇ ಇತ್ತು. ಒಂದು ಮಧ್ಯಾಹ್ನ ಬೇರೆ ಆಯಿತು ಅಷ್ಟೆ.

ಹಾಗಾದರೆ ಬದ್ಧವೈರಿಗಳ ಆಟ ಅಂದರೆ ವಿಶೇಷ ಏನೂ ಇಲ್ಲವೇ? ಸ್ವಲ್ಪ ಇದೆ. ಆದರೆ ಜನ ಹೇಳುವ "ಕೆಚ್ಚು", "ಮಣ್ಣಿನ ಗುಣ" ಇವುಗಳಿಗಿಂತ ನನಗೆ ನಂಬಿಕೆ ಇರುವುದು ಬೇರೆ ಕಾರಣದ ಮೇಲೆ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಟೆನ್ನಿಸ್ ಬಾಲ್ ಟೂರ್ನಿ ನೋಡಿದ್ದೀಯಲ್ಲ. ಆರು ಓವರಿನ ಮ್ಯಾಚಿನಲ್ಲಿ ಯಾವುದೋ ಗಲ್ಲಿ ಟೀಮು ದೊಡ್ಡ ಟೀಮನ್ನು ಉರುಳಿಸುತ್ತದೆ. ಅದೇ ಎರಡು ಟೀಮಿಗೆ ಇಪ್ಪತ್ತು ಓವರ್ ಕೊಡು, ಗಲ್ಲಿ ಟೀಮಿನ ಕಥೆ ಮುಗಿಯಿತು. ಆಟ ಚಿಕ್ಕದಾದಷ್ಟೂ ಬಲ ಕಡಿಮೆ ಇರುವವನಿಗೆ ಲಾಭ. ಫುಟ್‌ಬಾಲ್‌ನಲ್ಲಿ ಓವರ್ ಕಡಿಮೆ ಮಾಡಲು ಆಗುವುದಿಲ್ಲ, 15 ನಿಮಿಷದ ನಾಲ್ಕು ಭಾಗ ಆಡಲೇಬೇಕು. ಆದರೆ ಸರದಿ ಕಡಿಮೆ ಮಾಡಬಹುದು. ಚೆಂಡು ಎಸೆದು ಯಾರೂ ಹಿಡಿಯದಿದ್ದರೆ ಗಡಿಯಾರ ನಿಲ್ಲುತ್ತದೆ. ಕೈಯಲ್ಲಿ ಹಿಡಿದು ನುಗ್ಗಿ ಮೈದಾನದ ಒಳಗೇ ಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋದರೆ ಚೆಂಡು ಮತ್ತೆ ನಿಮ್ಮದೇ. ಹೀಗೆ ಮೂರು ಗಜ, ನಾಲ್ಕು ಗಜ ಅಂತ ನುಗ್ಗುತ್ತಾ, ನುಗ್ಗುತ್ತಾ ಸಮಯ ತಿಂದರೆ ಎದುರಾಳಿಗೆ ಸಿಗುವ ಸರದಿಗಳೇ ಕಡಿಮೆ. 2024ರಲ್ಲಿ ಮಿಶಿಗನ್ ನೆಚ್ಚಿಕೊಂಡಿದ್ದು ಇದನ್ನೇ. 13–10 ಅನ್ನುವ ಸ್ಕೋರೇ ಅದನ್ನು ಹೇಳುತ್ತದೆ.

ಹವಾಮಾನವೂ ಆಟವನ್ನು ಹೀಗೇ ಚಿಕ್ಕದು ಮಾಡುತ್ತದೆ. ನವೆಂಬರ್ ಕೊನೆ ಅಲ್ಲಿ ಹಿಮ ಬೀಳುವ ಕಾಲ. 1950ರಲ್ಲಿ ಕೊಲಂಬಸ್‌ನಲ್ಲಿ ಹಿಮಗಾಳಿಯ ನಡುವೆಯೇ ಆಡಿಸಿದರು. ಮಿಶಿಗನ್ ಇಡೀ ಆಟದಲ್ಲಿ ಆ 10 ಗಜದ ಗಡಿಯನ್ನು ಒಂದು ಸಲವೂ ದಾಟಲಿಲ್ಲ. ಆದರೂ 9–3ರಲ್ಲಿ ಗೆದ್ದಿತು! ಚೆಂಡನ್ನು ದೂರ ಒದ್ದು, ಎದುರಾಳಿ ಜಾರುವುದನ್ನು ಕಾಯುವುದೇ ಆಟವಾಗಿತ್ತು. ಅಂಥ ದಿನ ನಾನಾದರೆ ಯಾವ ತಂಡಕ್ಕೂ 60ರ ಮೇಲೆ ಕೊಡುವುದಿಲ್ಲ.

ಉಳಿದದ್ದು ನೆನಪಿನ ಆಟ. 1969ರಲ್ಲಿ 22 ಆಟ ಸತತ ಗೆದ್ದಿದ್ದ ಓಹಾಯೋವನ್ನು ಮಿಶಿಗನ್ 24–12ರಲ್ಲಿ ಸೋಲಿಸಿತು. ಮಿಶಿಗನ್ ಕೋಚ್ ಬೋ ಶೆಂಬೆಕ್ಲರ್‌ಗೆ ಅಲ್ಲಿ ಅದು ಮೊದಲ ವರ್ಷ, ಹಿಂದೆ ವುಡಿ ಹೇಯ್ಸ್ ಕೈಕೆಳಗೇ ಕೆಲಸ ಮಾಡಿದ ಮನುಷ್ಯ. ಶಿಷ್ಯ ಗುರುವನ್ನು ಕೆಡವಿದ ಕಥೆ, ಯಾರು ಮರೆಯುತ್ತಾರೆ? 2019ರಲ್ಲಿ ಬಲವಾದ ಓಹಾಯೋ ತಂಡ ನಿರೀಕ್ಷೆಯಂತೆ 56–27ರಲ್ಲಿ ಗೆದ್ದಿದ್ದನ್ನು ಯಾರಾದರೂ ಕಥೆ ಮಾಡಿ ಹೇಳುತ್ತಾರಾ? ಇಲ್ಲ. ಗೆಲ್ಲಬೇಕಾದವನು ಗೆದ್ದರೆ ಸುದ್ದಿಯೇ ಅಲ್ಲ. ಫಾರ್ಮ್ ಲೆಕ್ಕಕ್ಕಿಲ್ಲ ಅನ್ನುವವರು ಸುದ್ದಿಯಾದದ್ದನ್ನು ಮಾತ್ರ ಎಣಿಸುತ್ತಾರೆ.

ನಿನಗೊಂದು ಮನೆಗೆಲಸ. ಗೆಳೆಯರೆಲ್ಲ ಒಂದು ಸೀಸನ್ ಪೂರ್ತಿ ನೂರಕ್ಕೆ ಇಷ್ಟು ಅಂತ ಬರೆಯಿರಿ. ನೀನು 90 ಕೊಟ್ಟ ತಂಡ ಗೆದ್ದರೆ ನಿನ್ನ ಕೊರತೆ 10, ಅದರ ವರ್ಗ 100. ಸೋತರೆ ಕೊರತೆ 90, ವರ್ಗ 8,100. 60 ಕೊಟ್ಟು ಗೆದ್ದರೆ 1,600, ಸೋತರೆ 3,600. ಎಲ್ಲದಕ್ಕೂ ಸುಮ್ನೆ 50 ಬರೆಯುವ ಸೋಮಾರಿಗೆ ಪ್ರತಿ ಆಟಕ್ಕೂ 2,500. ಕೊನೆಗೆ ಯಾರ ಮೊತ್ತ ಕಡಿಮೆಯೋ ಅವರು ಜಾಣರು. ಇದು ಗ್ಲೆನ್ ಬ್ರಯರ್ ಅನ್ನುವ ಹವಾಮಾನ ತಜ್ಞ 1950ರಲ್ಲಿ ಮಳೆಯ ಮುನ್ಸೂಚನೆ ಅಳೆಯಲು ಕೊಟ್ಟ ವಿಧಾನ. ಅಬ್ಬರದಿಂದ ಮಾತಾಡುವ ಗೆಳೆಯ ಯಾರಿದ್ದಾನೋ, ಅವನೇ ಕೊನೆಯ ಸ್ಥಾನದಲ್ಲಿರುತ್ತಾನೆ. ಇದಕ್ಕೆ ನೂರಕ್ಕೆ 80 ಕೊಡುತ್ತೇನೆ.

ಪ್ರಶ್ನೆ: ನಿಮ್ಮ ಲೆಕ್ಕ ಇಟ್ಟುಕೊಂಡು ಆ್ಯಪಿನಲ್ಲಿ ಸ್ವಲ್ಪ ದುಡ್ಡು ಹಾಕಬಹುದಾ? – ಹೆಸರು ಬೇಡ, ಹರಿಹರ

ಉತ್ತರ: ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾನೂನಿನಲ್ಲಿ ನಿಷೇಧಿಸಿದೆ. ಅದು ಇಲ್ಲದಿದ್ದರೂ ಬೇಡ ಅನ್ನುತ್ತಿದ್ದೆ. ಬಾಜಿ ಕಾನೂನುಬದ್ಧವಾಗಿರುವ ಅಮೆರಿಕದ ರಾಜ್ಯಗಳಲ್ಲಿ 100 ಗೆಲ್ಲಲು 110 ಕಟ್ಟುವುದು ವಾಡಿಕೆ. ಹಾಗಾಗಿ ನೂರಕ್ಕೆ 52ಕ್ಕಿಂತ ಜಾಸ್ತಿ ಸಲ ಸರಿ ಹೇಳಿದರೆ ಮಾತ್ರ ಅಸಲು ವಾಪಸ್. ಲೆಕ್ಕ ಕಲಿತವರೇ ಅಲ್ಲಿ ಮುಳುಗುತ್ತಾರೆ.

ಪ್ರಶ್ನೆ: ತಂಡಗಳ ರಾಶಿ ನೋಡಿ ಹೇಳಲು ಆಗುವುದಿಲ್ಲವೇ? – ಒಬ್ಬ ಓದುಗರು, ಹೊಳಲ್ಕೆರೆ

ಉತ್ತರ: ಆಟ ನಡೆಯುವುದು ಶನಿವಾರ. ಶನಿ ಇಬ್ಬರಿಗೂ ಒಂದೇ ದಿನ ವಕ್ಕರಿಸುತ್ತಾನೆ. ಮುಂದಿನ ಪತ್ರ.

ಪ್ರಶ್ನೆ: ಮೇಷ್ಟ್ರೇ, ಪಿಯುಸಿ ಓದುವ ನನ್ನ ಮಗಳಿಗೆ ಎಕ್ಸೆಲ್‌ನಲ್ಲಿ ಇಂಥ ಅಂದಾಜು ಮಾಡುವ ಆಸೆ. ಎಲ್ಲಿಂದ ಶುರು ಮಾಡಬೇಕು? ಆಟ ನಮಗೆ ಎಷ್ಟು ಗಂಟೆಗೆ ಬರುತ್ತದೆ? – ಒಬ್ಬ ತಂದೆ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಲ್ಲಿ ಮಧ್ಯಾಹ್ನ 12ಕ್ಕೆ ಶುರುವಾದರೆ ನಮಗೆ ರಾತ್ರಿ 10.30. ಮುಗಿಯುವಾಗ ಎರಡು ಗಂಟೆ. ಮಾರನೇ ದಿನ ಭಾನುವಾರ, ಪರವಾಗಿಲ್ಲ.

ಮಗಳು ಎಲೋ ವಿಧಾನದಿಂದ ಶುರು ಮಾಡಲಿ. ಆರ್ಪಾಡ್ ಎಲೋ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದವರು, ಚೆಸ್ ಆಟಗಾರರ ರೇಟಿಂಗಿಗೆ ಇದನ್ನು ಮಾಡಿದರು. ಎಲ್ಲ ತಂಡಕ್ಕೂ 1500 ಕೊಟ್ಟು ಆರಂಭಿಸಿ. ಎರಡು ತಂಡಗಳ ನಡುವಿನ ವ್ಯತ್ಯಾಸವನ್ನು 400ರಿಂದ ಭಾಗಿಸಬೇಕು. ಬಂದದ್ದಕ್ಕೆ ಮೈನಸ್ ಹಾಕಿ 10ರ ಘಾತವಾಗಿ ಇಡಬೇಕು. ಅದಕ್ಕೆ 1 ಸೇರಿಸಬೇಕು, ಆ ಮೊತ್ತದಿಂದ 1ನ್ನು ಭಾಗಿಸಬೇಕು. 200 ಅಂಕ ಮುಂದಿರುವ ತಂಡಕ್ಕೆ 0.76 ಬರುತ್ತದೆ, ಅಂದರೆ ನೂರಕ್ಕೆ 76. ಅಂಗಳದ ತಂಡಕ್ಕೆ ನಾನಾದರೆ 60 ಅಂಕ ಸೇರಿಸುತ್ತೇನೆ. ಸಮಬಲದ ತಂಡಗಳಲ್ಲಿ ಅದು 58ರ ಹತ್ತಿರ ತರುತ್ತದೆ.

ಆಟ ಮುಗಿದ ಮೇಲೆ ರೇಟಿಂಗ್ ತಿದ್ದಬೇಕು. ಗೆದ್ದರೆ 1, ಸೋತರೆ 0. ಅದರಿಂದ ನಿರೀಕ್ಷೆ ಕಳೆದು 25ರಿಂದ ಗುಣಿಸಬೇಕು. 76ರ ತಂಡ ಗೆದ್ದರೆ 6 ಅಂಕ ಏರುತ್ತದೆ, ಸೋತರೆ 19 ಇಳಿಯುತ್ತದೆ. ಹೊಸ ಸೀಸನ್ ಬಂದಾಗ ಪ್ರತಿ ತಂಡವನ್ನೂ 1500ರ ಕಡೆಗೆ ಮೂರನೇ ಒಂದು ಭಾಗ ಎಳೆಯಲಿ, ಹಳೆಯ ಹುಡುಗರು ಹೋಗಿರುತ್ತಾರಲ್ಲ. ಒಂದು ತಂಡಕ್ಕೆ ಸೀಸನ್ನಿನಲ್ಲಿ 12 ಆಟ, ಇವೆರಡರ ಮುಖಾಮುಖಿ ಕೊನೆಯದು. ಸೆಪ್ಟೆಂಬರ್‌ನಿಂದ ವಾರವಾರ ತುಂಬಿಸಿದರೆ ಅಷ್ಟರಲ್ಲಿ ಅಂಕಿಗಳಿಗೆ ಸ್ವಲ್ಪ ಅರ್ಥ ಬಂದಿರುತ್ತದೆ. ಒಂದೇ ಎಚ್ಚರಿಕೆ: ಸೂತ್ರದ ಆ ಮೈನಸ್ ಬಿಟ್ಟರೆ ಬಲವಾದ ತಂಡಕ್ಕೆ 24 ಬಂದು ಕೂರುತ್ತದೆ, ಮೊದಲ ದಿನವೇ 200ರ ವ್ಯತ್ಯಾಸ ಹಾಕಿ ಪರೀಕ್ಷಿಸಿಕೊಳ್ಳಲಿ.